ಹಾಡು ಕೊಟ್ಟವರಿಗೆ ಕುರ್ಚಿ ಇಲ್ಲದ ಸಂಶೋಧನೆ

ವಿಶ್ವವಿದ್ಯಾಲಯಗಳಲ್ಲಿ ‘ಸಂಶೋಧನಾ ಕಮ್ಮಟ’ ಅಂತ ನಡೆಯುತ್ತದೆ. ಪಿಎಚ್‌ಡಿ ಮಾಡುವವರು ತಾವು ಬರೆದ ಅಧ್ಯಾಯವನ್ನು ಮೊದಲೇ ಕಳಿಸಿರುತ್ತಾರೆ. ಓದಿಕೊಂಡು ಬಂದವರು ಮೇಜಿನ ಸುತ್ತ ಕೂತು ತಪ್ಪು ಹುಡುಕುತ್ತಾರೆ. ಅಮೆರಿಕದ ಯಹೂದಿ ಅಧ್ಯಯನ ವಿಭಾಗಗಳಲ್ಲೂ ಇದು ರೂಢಿ. ಒಳ್ಳೆಯ ರೂಢಿಯೇ. ನಮ್ಮ ತಕರಾರು ಬೇರೆ. ಆ ಮೇಜಿನ ಸುತ್ತ ಯಾರಿಗೆ ಕುರ್ಚಿ ಇದೆ, ಯಾರಿಗಿಲ್ಲ?

ಅಜ್ಜಿಯ ಹಾಡು, ಅಜ್ಜನ ಗಾದೆ ಬರೀ ಕಚ್ಚಾ ಮಾಲು, ಅದರ ಬಗ್ಗೆ ಯೋಚಿಸುವ ಹಕ್ಕು ಡಿಗ್ರಿ ಇದ್ದವರಿಗೆ ಮಾತ್ರ ಅನ್ನೋ ನಂಬಿಕೆಯೊಂದು ಬೇರೂರಿದೆ. ಇದು ಸುಳ್ಳು ಅಂತ ಯಹೂದಿಗಳೇ ತೊಂಬತ್ತು ವರ್ಷದ ಹಿಂದೆ ತೋರಿಸಿಕೊಟ್ಟಿದ್ದಾರೆ.

ಪೂರ್ವ ಯುರೋಪಿನ ಯಹೂದಿಗಳ ಮನೆಮಾತು ಯಿಡ್ಡಿಶ್. ಪ್ರಾರ್ಥನೆಗೆ ಹೀಬ್ರೂ, ಅಡುಗೆಮನೆಗೆ ಮತ್ತು ಸಂತೆಗೆ ಯಿಡ್ಡಿಶ್. ಓದಿದವರು ಅದನ್ನು ‘ಜಾರ್ಗನ್’ ಅಂತ ಹೀಯಾಳಿಸುತ್ತಿದ್ದರು, ಕೆಟ್ಟುಹೋದ ಜರ್ಮನ್ ಅನ್ನುತ್ತಿದ್ದರು. ಆ ಮಾತಿಗಾಗಿಯೇ 1925ರಲ್ಲಿ ಯಿವೊ ಎಂಬ ಸಂಶೋಧನಾ ಸಂಸ್ಥೆ ಹುಟ್ಟಿತು. ಅದು ನೆಲೆ ನಿಂತದ್ದು ಆಗ ಪೋಲೆಂಡಿನಲ್ಲಿದ್ದ ವಿಲ್ನಾ ನಗರದಲ್ಲಿ. ಇವತ್ತು ಅದು ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್.

ಯಿವೊಗೆ ಕೈಕಾಲಾದವರು ‘ಜಮ್ಲರ್’ಗಳು, ಅಂದರೆ ಸಂಗ್ರಹಕಾರರು. ಸಣ್ಣ ಊರುಗಳ ಸಾಮಾನ್ಯ ಜನ. ಸಂಸ್ಥೆ ಪ್ರಶ್ನಾವಳಿ ಕಳಿಸುತ್ತಿತ್ತು. ಇವರು ಹಾಡು, ಗಾದೆ, ಕತೆ, ಊರಿನ ಪದಗಳನ್ನು ಬರೆದು ಅಂಚೆಗೆ ಹಾಕುತ್ತಿದ್ದರು. ಹರೆಯದವರಿಗಾಗಿ 1932, 1934, 1939ರಲ್ಲಿ ಆತ್ಮಕಥೆ ಬರೆಯುವ ಸ್ಪರ್ಧೆ ಇಟ್ಟರು. ಒಟ್ಟು ಆರು ನೂರಕ್ಕೂ ಹೆಚ್ಚು ಆತ್ಮಕಥೆಗಳು ಬಂದವು.

1935ರಲ್ಲಿ ಅಲ್ಲಿಯೇ ‘ಆಸ್ಪಿರಾಂಟೂರ್’ ಶುರುವಾಯಿತು. ಯುವ ಸಂಶೋಧಕರನ್ನು ತಯಾರು ಮಾಡುವ ತರಬೇತಿ ಅದು, ಈಗಿನ ಕಮ್ಮಟಗಳ ಹಿರಿಯಕ್ಕ ಅನ್ನಿ. ಅದು ಎಂಥ ಕಾಲ ಗೊತ್ತಾ? 1937ರಿಂದ ಪೋಲೆಂಡಿನ ವಿಶ್ವವಿದ್ಯಾಲಯಗಳಲ್ಲಿ ಯಹೂದಿ ವಿದ್ಯಾರ್ಥಿಗಳಿಗೆ ಬೇರೆ ಬೆಂಚು. ಅಲ್ಲಿ ಕೂರುವುದಿಲ್ಲ ಅಂತ ಎಷ್ಟೋ ಹುಡುಗರು ನಿಂತೇ ಪಾಠ ಕೇಳಿದರು. ಅಂಥ ದೇಶದಲ್ಲಿ ಯಿವೊ ಅವರನ್ನು ಕೂರಿಸಿ ‘ಏನು ಬರೆದೆ, ಓದು’ ಅಂದಿತು.

ಸಂಗ್ರಹಕಾರರೆಲ್ಲ ಆ ತರಗತಿಗೆ ಹೋದರು ಅಂತ ನಾವು ಹೇಳುತ್ತಿಲ್ಲ. ಆದರೆ ಪಾಠ ನಡೆದದ್ದು ಅವರ ಮಾತಿನಲ್ಲಿ. ಫಲಿತಾಂಶ ಅಚ್ಚಾದದ್ದೂ ಅವರ ಮಾತಿನಲ್ಲಿ. ಹಾಡು ಕಳಿಸಿದವರು ಅದರ ಬಗ್ಗೆ ಪಂಡಿತರು ಏನು ಬರೆದರು ಅಂತ ಓದಬಹುದಿತ್ತು, ಓದಿ ಜಗಳವನ್ನೂ ಆಡಬಹುದಿತ್ತು.

‘ಊರವರು ಬಂದರೆ ಶಾಸ್ತ್ರದ ಶಿಸ್ತು ಕೆಡುತ್ತದೆ’ ಅನ್ನುವವರಿದ್ದಾರೆ. ಅವರಿಗೆ ನಮ್ಮ ಉತ್ತರ ಇದು. 1941ರಲ್ಲಿ ನಾಜಿಗಳೂ ಫ್ರಾಂಕ್‌ಫರ್ಟ್‌ನಲ್ಲಿ ‘ಯಹೂದಿ ಪ್ರಶ್ನೆ’ಯ ಸಂಶೋಧನಾ ಸಂಸ್ಥೆ ತೆರೆದರು. ಅಲ್ಲಿ ಡಿಗ್ರಿಗೇನೂ ಕೊರತೆ ಇರಲಿಲ್ಲ. ಪುಸ್ತಕಗಳಿಗಾಗಿ ಯುರೋಪನ್ನೇ ದೋಚಿದರು, ವಿಲ್ನಾದಲ್ಲಿ ಯಿವೊ ಭಂಡಾರಕ್ಕೂ ಕೈ ಹಾಕಿದರು. ಅದೇ ಪುಸ್ತಕ, ಅದೇ ‘ಅಧ್ಯಯನ’. ಆದರೆ ಯಾರ ಬಗ್ಗೆ ಅಧ್ಯಯನವೋ ಆ ಜನರನ್ನು ಕೊಲ್ಲುತ್ತಿದ್ದರು. ಯಿವೊ ಕಟ್ಟಿದವರಲ್ಲಿ ಒಬ್ಬರಾದ ಮ್ಯಾಕ್ಸ್ ವೈನ್‌ರೈಶ್ 1946ರಲ್ಲಿ ಈ ಪ್ರೊಫೆಸರುಗಳ ಪಾಪದ ಲೆಕ್ಕವನ್ನೇ ಪುಸ್ತಕ ಮಾಡಿದರು. ಶಿಸ್ತೊಂದೇ ಮನುಷ್ಯತ್ವ ಕಾಯುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ದೋಚಿದ ಪುಸ್ತಕ ವಿಂಗಡಿಸಲು ನಾಜಿಗಳು ಘೆಟ್ಟೋದ ಯಹೂದಿಗಳನ್ನೇ ಹಚ್ಚಿದರು. ಒಂದಷ್ಟು ಜರ್ಮನಿಗೆ, ಉಳಿದದ್ದು ಕಾಗದದ ಗಿರಣಿಗೆ. ಆ ಸುಮಾರು 40 ಜನರಲ್ಲಿ ಅನೇಕರು ಹಸ್ತಪ್ರತಿಗಳನ್ನು ಬಟ್ಟೆಯೊಳಗೆ ಬಚ್ಚಿಟ್ಟು ಸಾಗಿಸಿದರು. ಸಿಕ್ಕಿಬಿದ್ದರೆ ಜೀವ ಹೋಗುತ್ತಿತ್ತು. ಕವಿ ಅಬ್ರಹಾಂ ಸುಟ್ಸ್‌ಕೇವರ್ ಬದುಕುಳಿದರು. ಗ್ರಂಥಪಾಲಕ ಹೆರ್ಮನ್ ಕ್ರುಕ್ ಉಳಿಯಲಿಲ್ಲ. ಯುದ್ಧ ಮುಗಿದ ಮೇಲೆ ಸೋವಿಯತ್ ಆಡಳಿತದ ಕಣ್ಣು ತಪ್ಪಿಸಿ, ಅಂಟಾನಾಸ್ ಉಲ್ಪಿಸ್ ಎಂಬ ಲಿಥುವೇನಿಯನ್ ಗ್ರಂಥಪಾಲಕ ಚರ್ಚ್ ಕಟ್ಟಡವೊಂದರಲ್ಲಿ ಕಾಗದಗಳನ್ನು ಕಾಪಾಡಿದರು. 2017ರಲ್ಲಿ ಸುಮಾರು 1,70,000 ಪುಟಗಳು ಸಿಕ್ಕಿವೆ ಎಂದು ಪ್ರಕಟವಾಯಿತು. ಅದರಲ್ಲಿ ಒಬ್ಬ ಶಾಲಾ ಹುಡುಗಿಯ ಆತ್ಮಕಥೆಯೂ ಇತ್ತು.

ಜನ ಪ್ರಾಣ ಒತ್ತೆ ಇಟ್ಟದ್ದು ತಮ್ಮದು ಅನ್ನಿಸಿದ್ದಕ್ಕೆ. ಪರರ ಕಪಾಟಿನ ಕಾಗದಕ್ಕೆ ಯಾರೂ ಸಾಯುವುದಿಲ್ಲ.

ಈಗ ಇವತ್ತಿಗೆ ಬನ್ನಿ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹಸೀದಿ ಯಹೂದಿಗಳ ಮಕ್ಕಳು ಬೀದಿಯಲ್ಲಿ ಯಿಡ್ಡಿಶ್‌ನಲ್ಲೇ ಆಟವಾಡುತ್ತಾರೆ. ಅಮೆರಿಕದ ಕಮ್ಮಟಗಳಲ್ಲಿ ಯಿಡ್ಡಿಶ್ ಬಗ್ಗೆ ಚರ್ಚೆ ನಡೆಯುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಅವರಲ್ಲಿ ಎಷ್ಟೋ ಜನಕ್ಕೆ ವಿಶ್ವವಿದ್ಯಾಲಯದ ಸಹವಾಸವೇ ಬೇಡ, ಒಪ್ಪಿದೆವು. ಆದರೂ ಕರೆಯುವ ಹೊಣೆ ಬಾಗಿಲು ಇರುವವರದ್ದು. ಅಧ್ಯಾಯದ ಸಾರಾಂಶ ಒಂದೆರಡು ಪುಟ ಯಿಡ್ಡಿಶ್‌ನಲ್ಲಿ ಬರೆಯಿರಿ. ಆ ಮಾತು ಆಡುವ ಒಬ್ಬರನ್ನಾದರೂ ಮೇಜಿಗೆ ಕರೆಯಿರಿ. ಕುರ್ಚಿ ಕೊಡಿ ಅಂದರೆ ಬೀಗದಕೈ ಕೊಡಿ ಅಂತಲ್ಲ. ಜನರಿಗೆ ಹಿಡಿಸದ ಸತ್ಯ ಬರೆಯುವ ಸ್ವಾತಂತ್ರ್ಯ ಸಂಶೋಧಕರಿಗೆ ಇರಲೇಬೇಕು. ಆದರೆ ಅದನ್ನು ಅವರ ಎದುರಿಗೆ ಕೂತು ಹೇಳುವ ಧೈರ್ಯವೂ ಇರಲಿ.

ಇದು ದೂರದ ಕತೆ ಅಂತ ಪಕ್ಕಕ್ಕೆ ಸರಿಸಬೇಡಿ. ನಮ್ಮೂರುಗಳಿಗೂ ಸಂಶೋಧಕರು ಬರುತ್ತಾರೆ, ಸೋಬಾನೆ ಪದ ರೆಕಾರ್ಡ್ ಮಾಡಿಕೊಂಡು, ಚಹಾ ಕುಡಿದು ಹೋಗುತ್ತಾರೆ. ಮುಂದಿನ ಸಲ ಬಂದರೆ ಚಹಾ ಕೊಡಿ, ಹಾಡೂ ಕೊಡಿ. ಜತೆಗೆ ಒಂದು ಮಾತು ಕೇಳಿ: ‘ಬರೆದದ್ದನ್ನು ನಮಗೆ ಓದಿ ಹೇಳೋಕೆ ಯಾವತ್ತು ಬರ್ತೀರಿ?’ ತಾರೀಖು ಹೇಳಿಸಿಕೊಂಡೇ ಬೀಳ್ಕೊಡಿ.