ಅಗ್ಗದ ಚಹಾ ಮತ್ತು ತೆರಿಗೆಯ ಹಕ್ಕು

ಅಮೆರಿಕದ ವಸಾಹತುಗಳ ಸ್ವಾತಂತ್ರ್ಯ ಹೋರಾಟವು ವರ್ತಕರ ಜಿಪುಣತನದಿಂದ ಹುಟ್ಟಿತೆಂಬ ಇತ್ತೀಚಿನ ಲೇಖನದ ವಾದವು 1773ರ ಚಹಾ ಕಾಯಿದೆಯ ಮುಂದೆ ನಿಲ್ಲಲಾರದು. ಈಸ್ಟ್ ಇಂಡಿಯಾ ಕಂಪನಿಗೆ ನೇರ ರಫ್ತಿನ ಅವಕಾಶವಿತ್ತ ಆ ಕಾಯಿದೆಯಿಂದ ಚಹಾ ಅಗ್ಗವಾಗುವುದಿತ್ತು. ಕಳ್ಳಸಾಗಣೆಗಾರರಿಗೆ ನಷ್ಟದ ಭಯವಿದ್ದುದೂ ನಿಜವೇ. ಆದರೆ ಪೌಂಡಿಗೆ ಮೂರು ಪೆನ್ಸ್ ಸುಂಕ ತೆತ್ತರೆ, ತಮ್ಮ ಪ್ರತಿನಿಧಿಗಳೇ ಇಲ್ಲದ ಬ್ರಿಟಿಷ್ ಸಂಸತ್ತಿನ ತೆರಿಗೆಯ ಹಕ್ಕನ್ನು ಒಪ್ಪಿದಂತಾಗುವುದೆಂದು ಅರಿತೇ ಬಾಸ್ಟನ್ನಿನಲ್ಲಿ 342 ಪೆಟ್ಟಿಗೆ ಚಹಾವನ್ನು ಕಡಲಿಗೆಸೆಯಲಾಯಿತು. 1766ರಲ್ಲಿ ಸ್ಟಾಂಪ್ ಕಾಯಿದೆಯನ್ನು, ಅಂದರೆ ದಸ್ತಾವೇಜು, ಪತ್ರಿಕೆಗಳ ಮೇಲಿನ ಮುದ್ರಾಂಕ ತೆರಿಗೆಯನ್ನು, ಹಿಂತೆಗೆದ ಸಂಸತ್ತು ಜೊತೆಯಲ್ಲೇ ವಸಾಹತುಗಳ ಮೇಲೆ ತನ್ನ ಸಂಪೂರ್ಣ ಶಾಸನಾಧಿಕಾರವನ್ನು ಘೋಷಿಸಿಕೊಂಡಿತ್ತೆಂಬುದನ್ನು ಲೇಖಕರು ಉಲ್ಲೇಖಿಸುವುದೇ ಇಲ್ಲ. 1775ರ ಜುಲೈನಲ್ಲೂ ದೊರೆಗೆ ಸಂಧಾನದ ಮನವಿ ಕಳಿಸಿದವರನ್ನು ಬೇರ್ಪಡುವಿಕೆಯತ್ತ ತಳ್ಳಿದ್ದು, ಬಾಸ್ಟನ್ ಬಂದರನ್ನು ಮುಚ್ಚಿ ಮ್ಯಾಸಚೂಸೆಟ್ಸಿನ ಸ್ವಯಮಾಡಳಿತವನ್ನು ಮೊಟಕುಗೊಳಿಸಿದ 1774ರ ದಂಡನಾ ಕಾಯಿದೆಗಳು ಮತ್ತು ಆ ಮನವಿಯನ್ನು ಸ್ವೀಕರಿಸಲೊಪ್ಪದ ದೊರೆಯ ಹಟ.