ಪಾಠ ಮನೆಗೆ ಬಂತು, ಮೇಷ್ಟ್ರು ಬಂದರೇ?

ಪಿಯುಸಿ ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಈಗ ಹೊಸದೊಂದು ಚರ್ಚೆ ಕೇಳಿಬರುತ್ತದೆ. ಕಾಲೇಜಿನ ಜೊತೆಗೆ, ಅಥವಾ ಕಾಲೇಜಿಗೆ ಬದಲಾಗಿ, ಆನ್‌ಲೈನ್ ಕೋರ್ಸಿಗೆ ಸೇರಿಸಬಹುದೇ? ಹಾಸ್ಟೆಲ್ ಖರ್ಚಿಲ್ಲ, ಬಸ್ಸಿನ ಓಡಾಟವಿಲ್ಲ ಎನ್ನುತ್ತಾರೆ ತಂದೆ. ಮನೆಯಲ್ಲೇ ಕೂತರೆ ಇವನು ಓದುತ್ತಾನೆಯೇ ಎಂದು ಕೇಳುತ್ತಾರೆ ತಾಯಿ. ಇಬ್ಬರ ಮಾತಿನಲ್ಲೂ ಹುರುಳಿದೆ.

ಪಾಠ ಮನೆಗೆ ಬರುವುದು ನಮಗೆ ತೀರಾ ಹೊಸತೇನಲ್ಲ. ಮೈಸೂರು ವಿಶ್ವವಿದ್ಯಾಲಯ 1969ರಲ್ಲೇ ಅಂಚೆ ಶಿಕ್ಷಣ ಆರಂಭಿಸಿತ್ತು. 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಕಾಲೇಜಿನ ಮೆಟ್ಟಿಲು ಹತ್ತಲಾಗದೆ ಕೆಲಸಕ್ಕೆ ಸೇರಿದವರಿಗೆ, ಮದುವೆಯಾಗಿ ಓದು ನಿಂತ ಹೆಣ್ಣುಮಕ್ಕಳಿಗೆ ಅದರಿಂದ ಪದವಿಯ ದಾರಿ ತೆರೆಯಿತು. ಆದರೆ ಅಲ್ಲೂ ಅಂಚೆಯಲ್ಲಿ ಬರುವ ಪುಸ್ತಕವೊಂದನ್ನೇ ನಂಬಿ ಕೂರಲಿಲ್ಲ. ಸಂಪರ್ಕ ತರಗತಿಗಳನ್ನು ಇಟ್ಟು, ವಿದ್ಯಾರ್ಥಿಯನ್ನು ಮೇಷ್ಟ್ರ ಎದುರು ಕೂರಿಸುತ್ತಿದ್ದರು. ಈ ಸಂಗತಿ ನೆನಪಿನಲ್ಲಿರಲಿ.

ಆನ್‌ಲೈನ್ ಕೋರ್ಸಿನ ಲಾಭಗಳು ಸಣ್ಣವಲ್ಲ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಯೋಜನೆಯನ್ನೇ ನೋಡಿ. ಅಲ್ಲಿನ ಪ್ರಾಧ್ಯಾಪಕರ ಉಪನ್ಯಾಸಗಳನ್ನು ತಾಲ್ಲೂಕು ಕೇಂದ್ರದ ವಿದ್ಯಾರ್ಥಿಯೂ ಬಿಡಿಗಾಸು ಕೊಡದೆ ಕೇಳಬಹುದು. ಅರ್ಥವಾಗದ ಭಾಗವನ್ನು ಹತ್ತು ಬಾರಿ ತಿರುಗಿಸಿ ನೋಡಬಹುದು. ತರಗತಿಯಲ್ಲಿ ಎದ್ದು ನಿಂತು ‘ಇನ್ನೊಮ್ಮೆ ಹೇಳಿ ಸಾರ್’ ಎನ್ನಲು ನಾಚುವ ಹುಡುಗಿಗೆ ಇದೊಂದು ದೊಡ್ಡ ಉಪಕಾರ. ಅಧ್ಯಾಪಕರಿಗೂ ಲಾಭವಿದೆ. ತಾವು ಕಲಿಸುವ ವಿಷಯವನ್ನು ಇನ್ನೊಬ್ಬ ಒಳ್ಳೆಯ ಮೇಷ್ಟ್ರು ಹೇಗೆ ಹೇಳುತ್ತಾರೆಂದು ಕೂತಲ್ಲೇ ನೋಡಿ ತಿದ್ದಿಕೊಳ್ಳಬಹುದು.

ಇನ್ನು ತೊಡಕುಗಳು. 2011ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸೆಬಾಸ್ಟಿಯನ್ ಥ್ರನ್, ಪೀಟರ್ ನಾರ್ವಿಗ್ ಅವರ ಜೊತೆಗೂಡಿ ಕೃತಕ ಬುದ್ಧಿಮತ್ತೆಯ ಕೋರ್ಸೊಂದನ್ನು ಎಲ್ಲರಿಗೂ ಉಚಿತವಾಗಿ ತೆರೆದರು. ಹೆಸರು ನೋಂದಾಯಿಸಿದವರು ಸುಮಾರು 1,60,000. ಕೊನೆಯವರೆಗೆ ಉಳಿದವರು ಸುಮಾರು 23,000. ಹೆಸರು ಹಚ್ಚುವುದು ಎಷ್ಟು ಸುಲಭವೋ, ಬಿಟ್ಟುಹೋಗುವುದೂ ಅಷ್ಟೇ ಸುಲಭ.

ಥ್ರನ್ ಆಮೇಲೆ ಯುಡಾಸಿಟಿ ಎಂಬ ಕಂಪನಿ ಕಟ್ಟಿದರು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯ 2013ರ ಆರಂಭದಲ್ಲಿ ಆ ಕಂಪನಿಯ ಜೊತೆ ಗಣಿತ ಮತ್ತು ಸಂಖ್ಯಾಶಾಸ್ತ್ರದ ಮೂರು ಆನ್‌ಲೈನ್ ಕೋರ್ಸುಗಳನ್ನು ನಡೆಸಿತು. ಗಣಿತದಲ್ಲಿ ಹಿಂದೆ ಬಿದ್ದವರಿಗೆ, ಕಡಿಮೆ ಶುಲ್ಕದಲ್ಲಿ ಓದಬಯಸುವವರಿಗೆ ಇದು ವರವಾದೀತು ಎಂದು ಎಲ್ಲರೂ ಭಾವಿಸಿದ್ದರು. ಫಲಿತಾಂಶ ಬಂದಾಗ ಪಾಸಾದವರ ಪ್ರಮಾಣ ತರಗತಿಯಲ್ಲಿ ಕೂತು ಕಲಿತವರಿಗಿಂತ ಬಹಳ ಕಡಿಮೆಯಿತ್ತು. ಅದೇ ಬೇಸಿಗೆಯ ತಂಡ ಎಷ್ಟೋ ಚೆನ್ನಾಗಿ ಮಾಡಿತು. ಆದರೆ ಆ ತಂಡದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಪದವಿ ಪಡೆದವರಾಗಿದ್ದರು! ಅಂದರೆ ಓದುವ ಅಭ್ಯಾಸ ಮೈಗೂಡಿದವರಿಗೆ ಕೋರ್ಸು ಒದಗಿಬಂತು, ಯಾರಿಗೆ ಸಹಾಯ ತೀರಾ ಅಗತ್ಯವಾಗಿತ್ತೋ ಅವರ ಕೈಯನ್ನೇ ಬಿಟ್ಟಿತು.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ತರಗತಿಯಲ್ಲಿ ಮೇಷ್ಟ್ರು ಪಾಠದ ಜೊತೆಗೆ ಇನ್ನೊಂದು ಕೆಲಸ ಮಾಡುತ್ತಿರುತ್ತಾರೆ. ಯಾರ ಮುಖ ಬಾಡಿದೆ, ಯಾರು ಮೂರು ದಿನದಿಂದ ಬಂದಿಲ್ಲ, ಯಾರು ಪಕ್ಕದವನ ಪುಸ್ತಕ ನೋಡಿ ಲೆಕ್ಕ ಇಳಿಸಿಕೊಳ್ಳುತ್ತಿದ್ದಾನೆ ಎಂದು ಅವರ ಕಣ್ಣು ಗಮನಿಸುತ್ತಿರುತ್ತದೆ. ಪಾಠವನ್ನು ಮುದ್ರಿಸಿ ಕಳಿಸಬಹುದು, ಈ ಗಮನವನ್ನು ಕಳಿಸಲಾಗದು.

ಅಧ್ಯಾಪಕರ ಆತಂಕವೂ ಇಲ್ಲಿಂದಲೇ ಹುಟ್ಟಿದ್ದು. ಅದೇ 2013ರಲ್ಲಿ, ಅದೇ ಸ್ಯಾನ್ ಹೋಸೆಯ ತತ್ತ್ವಶಾಸ್ತ್ರ ವಿಭಾಗದವರು ಹಾರ್ವರ್ಡ್‌ನ ಮೈಕೆಲ್ ಸ್ಯಾಂಡೆಲ್ ಅವರಿಗೆ ಬಹಿರಂಗ ಪತ್ರ ಬರೆದು, ಅವರ ಹೆಸರಾಂತ ಉಪನ್ಯಾಸಮಾಲೆಯನ್ನು ತಮ್ಮ ಕಾಲೇಜಿನಲ್ಲಿ ಬಳಸಲು ಒಪ್ಪಲಿಲ್ಲ. ಸ್ಯಾಂಡೆಲ್ ಅವರ ಪಾಠದ ಮಟ್ಟದ ಬಗ್ಗೆ ಅವರ ತಕರಾರಿರಲಿಲ್ಲ. ಊರೂರಲ್ಲೂ ಒಂದೇ ಧ್ವನಿ ಕೇಳಿಸಿದರೆ ಸ್ಥಳೀಯ ಅಧ್ಯಾಪಕ ಬರೀ ಸಹಾಯಕನಾಗಿ ಉಳಿಯುತ್ತಾನೆ, ಕ್ರಮೇಣ ಅವನೂ ಬೇಡವಾಗುತ್ತಾನೆ ಎಂಬುದು ಅವರ ಭಯ. ಅದನ್ನು ಬರೀ ನೌಕರಿಯ ಭಯವೆಂದು ತಳ್ಳಿಹಾಕುವಂತಿಲ್ಲ. ಆ ಅಧ್ಯಾಪಕ ಹೋದರೆ ಹಿಂದಿನ ಬೆಂಚಿನ ಹುಡುಗನನ್ನು ಹೆಸರಿಡಿದು ಕರೆಯುವವರು ಯಾರು?

ಹಾಗಾದರೆ ಕೋರ್ಸು ಬೇಡವೇ? ಖಂಡಿತ ಬೇಕು, ಆದರೆ ಆರಿಸಿಕೊಳ್ಳಬೇಕು. ಸೇರುವ ಮುನ್ನ ಮೂರು ಪ್ರಶ್ನೆ ಕೇಳಿ. ಮೊದಲನೆಯದು, ಮಾನ್ಯತೆ ಯಾರದು? ಕಾಲೇಜು ಒಪ್ಪಿದರೆ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇಕಡಾ 40ರವರೆಗೆ ‘ಸ್ವಯಂ’ ಮೂಲಕ ಓದಲು ಯುಜಿಸಿ 2021ರ ನಿಯಮಗಳಲ್ಲಿ ಅವಕಾಶ ಕೊಟ್ಟಿತು. ಎಲ್ಲ ಖಾಸಗಿ ಸರ್ಟಿಫಿಕೇಟುಗಳಿಗೂ ಈ ಬೆಲೆ ಇಲ್ಲ. ಎರಡನೆಯದು, ಪರೀಕ್ಷೆ ಹೇಗೆ? ಎನ್‌ಪಿಟಿಇಎಲ್‌ನಲ್ಲಿ ವಾರದ ಅಭ್ಯಾಸಗಳಿಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75 ಅಂಕ. ಪಾಠ ಉಚಿತವಾದರೂ ಪರೀಕ್ಷೆಗೆ ಶುಲ್ಕವಿದೆ. ಮೂರನೆಯದು, ಸಂದೇಹ ಬಂದರೆ ಉತ್ತರಿಸುವವರು ಯಾರು, ಎಷ್ಟು ದಿನದೊಳಗೆ?

ಮೂರನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಆ ಕೊರತೆಯನ್ನು ನಾವೇ ತುಂಬಬೇಕಾಗುತ್ತದೆ. ವಿದ್ಯಾರ್ಥಿಗಳೇ, ಒಬ್ಬರೇ ಸೇರಬೇಡಿ. ಮೂವರೋ ನಾಲ್ವರೋ ಸ್ನೇಹಿತರು ಕೂಡಿ ಸೇರಿ, ವಾರಕ್ಕೊಂದು ದಿನ ಕೂತು ಲೆಕ್ಕ ಬಿಡಿಸಿ. ನಿಮ್ಮ ಕಾಲೇಜಿನ ಅಧ್ಯಾಪಕರೊಬ್ಬರಿಗೆ ‘ಈ ಕೋರ್ಸು ಮಾಡುತ್ತಿದ್ದೇನೆ’ ಎಂದು ಹೇಳಿಡಿ, ಅವರು ಮಧ್ಯೆ ಒಮ್ಮೆ ವಿಚಾರಿಸಿಯೇ ವಿಚಾರಿಸುತ್ತಾರೆ. ಪೋಷಕರೇ, ಪಾಠ ನಿಮಗೆ ತಿಳಿಯದಿದ್ದರೂ ಚಿಂತೆಯಿಲ್ಲ. ‘ಈ ವಾರ ಏನು ಕಲಿತೆ, ನನಗೂ ಸ್ವಲ್ಪ ಹೇಳು’ ಎಂದು ಕೇಳಿ. ಹೇಳಲು ತಡವರಿಸಿದರೆ ಬೈಯಬೇಡಿ, ಮುಂದಿನ ವಾರ ಮತ್ತೆ ಕೇಳಿ. ಇದಕ್ಕೆ ನಿಮಗೆ ಇಂಗ್ಲಿಷೂ ಬೇಡ, ಇಂಟರ್‌ನೆಟ್ಟೂ ಬೇಡ.