ಮಲಪರೀಕ್ಷೆ ‘ನೆಗೆಟಿವ್’ ಬಂದರೆ ಸಾಕೇ?

ಐವತ್ತಾರು ವರ್ಷದ ವ್ಯಾಪಾರಿಯೊಬ್ಬರು ಸುಸ್ತೆಂದು ನನ್ನಲ್ಲಿಗೆ ಬಂದಿದ್ದರು. ಹಿಮೋಗ್ಲೋಬಿನ್ ಎಂಟು ಗ್ರಾಂ. ಮಲದಲ್ಲಿ ರಕ್ತವಿದೆಯೇ ಎಂದು ಪರೀಕ್ಷಿಸಿದ ವರದಿ ನೆಗೆಟಿವ್. ಇಬ್ಬರಿಗೂ ಸಮಾಧಾನವಾಯಿತು. ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟೆ. ಐದು ತಿಂಗಳ ನಂತರ ಕೊಲೊನೋಸ್ಕೋಪಿಯಲ್ಲಿ ದೊಡ್ಡ ಕರುಳಿನ ಬಲಭಾಗದ ಗಡ್ಡೆ ಕಂಡಿತು. ತಪ್ಪು ಪರೀಕ್ಷೆಯದಲ್ಲ, ಅದನ್ನು ಅತಿಯಾಗಿ ನಂಬಿದ ನನ್ನದು.

ಈ ಪರೀಕ್ಷೆ ಹುಡುಕುವುದು ಕಣ್ಣಿಗೆ ಕಾಣದ ರಕ್ತವನ್ನು, ಕ್ಯಾನ್ಸರನ್ನಲ್ಲ. ಗಡ್ಡೆಯಿಂದ ದಿನವೂ ರಕ್ತ ಒಸರುವುದಿಲ್ಲ. ಮಾದರಿ ಕೊಟ್ಟ ದಿನ ಅದು ಸುಮ್ಮನಿದ್ದರೆ ವರದಿಯೂ ಸುಮ್ಮನಿರುತ್ತದೆ. ಕ್ಯಾನ್ಸರಿಗೆ ಮುನ್ನ ಕರುಳಿನ ಒಳಗೋಡೆಯಲ್ಲಿ ಅಣಬೆಯಂತೆ ಬೆಳೆಯುವ ಪಾಲಿಪ್‌ಗಳಿಂದ ಎಷ್ಟೋ ಸಲ ರಕ್ತವೇ ಬರುವುದಿಲ್ಲ. ಹಳೆಯ ಗ್ವಾಯಕ್ ಪರೀಕ್ಷೆಯನ್ನು ಮಾಂಸ, ಹಸಿ ಮೂಲಂಗಿ ಕೂಡ ದಾರಿ ತಪ್ಪಿಸುತ್ತಿದ್ದವು. ವಿಟಮಿನ್ ಸಿ ಮಾತ್ರೆ ಇದ್ದ ರಕ್ತವನ್ನೂ ಮರೆಮಾಚುತ್ತಿತ್ತು. ಈಚಿನ ‘ಫಿಟ್’ ಪರೀಕ್ಷೆ ಮನುಷ್ಯರ ರಕ್ತವನ್ನಷ್ಟೇ ಗುರುತಿಸುವುದರಿಂದ ಪಥ್ಯ ಬೇಕಿಲ್ಲ.

ಆದರೂ ಅಮೆರಿಕ, ಕೆನಡಾಗಳಲ್ಲಿ ಸುಮಾರು 10,000 ಜನರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ಸಲದ ಫಿಟ್ ಹಿಡಿದದ್ದು ನೂರರಲ್ಲಿ 74 ಕ್ಯಾನ್ಸರುಗಳನ್ನು. ಅಪಾಯಕಾರಿ ಪಾಲಿಪ್‌ಗಳಲ್ಲಿ ಕೇವಲ 24. ಮಲದ ಡಿಎನ್‌ಎ ಪರೀಕ್ಷೆ 92 ಕ್ಯಾನ್ಸರು, 42 ಪಾಲಿಪ್ ಹಿಡಿಯಿತು. ಆದರೆ ಅಂಥ ತೊಂದರೆ ಏನೂ ಇಲ್ಲದವರಲ್ಲಿ ನೂರಕ್ಕೆ 13 ಮಂದಿಯನ್ನು ಸುಮ್ಮನೆ ಹೆದರಿಸಿತು. ಫಿಟ್ ಹೆದರಿಸಿದ್ದು ಐವರನ್ನು.

ಹಾಗೆಂದು ಮಲಪರೀಕ್ಷೆ ನಿಷ್ಪ್ರಯೋಜಕವೆನ್ನಲಾರೆ. ಅಮೆರಿಕದ ಮಿನೆಸೋಟಾದಲ್ಲಿ ಹಳೆಯ ಪರೀಕ್ಷೆಯನ್ನೇ ಪ್ರತಿ ವರ್ಷ ಮಾಡಿಸಿಕೊಂಡವರಲ್ಲಿ, 13 ವರ್ಷಗಳಲ್ಲಿ, ಈ ಕ್ಯಾನ್ಸರಿನ ಸಾವು ಮೂರನೆಯ ಒಂದರಷ್ಟು ತಗ್ಗಿದ್ದು 1993ರಲ್ಲೇ ಪ್ರಕಟವಾಗಿದೆ. ‘ಪ್ರತಿ ವರ್ಷ’ ಎಂಬುದನ್ನು ಗಮನಿಸಿ. ಈ ಸಲ ತಪ್ಪಿಸಿಕೊಂಡದ್ದು ಮುಂದಿನ ಸಲ ಸಿಕ್ಕೀತು ಎಂಬುದೇ ಇದರ ಲೆಕ್ಕಾಚಾರ. ಯಾವ ತೊಂದರೆಯೂ ಇಲ್ಲದವರಿಗೆ ಮಾತ್ರ ಈ ಲೆಕ್ಕ ಹೊಂದುತ್ತದೆ. ಮಲದಲ್ಲಿ ರಕ್ತ ಕಂಡವರು, ಮಲವಿಸರ್ಜನೆಯ ಕ್ರಮ ಬದಲಾದವರು, ಕಾರಣವಿಲ್ಲದೆ ತೂಕ ಇಳಿದವರು, ಐವತ್ತು ದಾಟಿ ರಕ್ತಹೀನತೆ ಬಂದವರು ಮುಂದಿನ ವರ್ಷದವರೆಗೆ ಕಾಯುವಂತಿಲ್ಲ.

ಪಾಸಿಟಿವ್ ಬಂದಾಗಿನ ಕಥೆಯೇ ಬೇರೆ. “ಮೂಲವ್ಯಾಧಿ ಇದೆಯಲ್ಲ, ಅದರದ್ದೇ ರಕ್ತ” ಎನ್ನುತ್ತಾರೆ. ನೆಗೆಟಿವ್ ಬರುವವರೆಗೂ ಲ್ಯಾಬು ಬದಲಿಸುವವರನ್ನೂ ಕಂಡಿದ್ದೇನೆ. ಮೂಲವ್ಯಾಧಿ ಇದ್ದವರಿಗೆ ಕ್ಯಾನ್ಸರ್ ಬರಬಾರದೆಂದು ಎಲ್ಲಿದೆ? ಒಮ್ಮೆ ಪಾಸಿಟಿವ್ ಬಂದರೆ ಮುಂದಿನ ಹೆಜ್ಜೆ ಕೊಲೊನೋಸ್ಕೋಪಿ, ಮತ್ತೊಂದು ಮಲಪರೀಕ್ಷೆಯಲ್ಲ.

ಆ ವ್ಯಾಪಾರಿಗೆ ಶಸ್ತ್ರಚಿಕಿತ್ಸೆಯಾಯಿತು. ಮೊನ್ನೆ ಅವರ ನಲವತ್ತೊಂಬತ್ತರ ತಮ್ಮ ಬಂದು, ತಾನೂ ಮಲಪರೀಕ್ಷೆ ಮಾಡಿಸಲೇ ಎಂದು ಕೇಳಿದರು. ಅಣ್ಣನಿಗೆ ಬಂದಿರುವಾಗ ಅದು ಸಾಲದು ಎಂದು ನೇರವಾಗಿ ಕೊಲೊನೋಸ್ಕೋಪಿಗೇ ಚೀಟಿ ಬರೆದುಕೊಟ್ಟೆ.